ನಡುಮನೆಯ ಗೋಡೆ ನೆಟ್ಟಗಾದ ಸುದ್ದಿ

ಚಂದ್ರಗುತ್ತಿ, ಸೊರಬ ತಾಲ್ಲೂಕು
ತಾರೀಕು 7-12-1958

ನಮ್ಮ ಮನೆಯ ಸೊಸೆ ಯಮುನಾಳಿಗೆ ಅತ್ತೆ ಬಂಗಾರಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀ ಮಗಾ? ಹೋಗುವಾಗ ನಿನಗೆ ಗಂಟಲು ಕಟ್ಟಿತ್ತು, ವಾಸಿಯಾಯಿತೋ ಇಲ್ಲವೋ. ಅಂಜನಾಪುರದ ಕಡೆ ಈ ತಿಂಗಳು ಕೆರೆಯ ಮೇಲಿಂದ ಥಂಡಿ ಗಾಳಿ ಬೀಸುತ್ತದೆ, ಬೆಳಗಿನ ಹೊತ್ತು ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ಮೆಣಸಿನ ಕಷಾಯ ನಿನಗೆ ಸೇರುವುದಿಲ್ಲವೆಂದು ಗೊತ್ತು, ಆದರೂ ಮೂಗು ಹಿಡಿದುಕೊಂಡು ಕುಡಿ. ನಿಮ್ಮ ಅಪ್ಪ, ಅವ್ವ ಚೆನ್ನಾಗಿದ್ದಾರಾ? ಬಳ್ಳಿಗಾವಿಯ ನಿಮ್ಮ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತಲ್ಲ, ಈಗ ಹೇಗಿದೆ? ನಾವು ಇಲ್ಲಿ ಎಲ್ಲರೂ ಇದ್ದೇವೆ. ನಿಮ್ಮ ಮಾವನಿಗೆ ಮಂಡಿನೋವು ಇದ್ದದ್ದೇ, ಕೇಳಿದವರಿಗೂ ಕೇಳದವರಿಗೂ ತೋರಿಸಿಕೊಂಡು ಓಡಾಡುತ್ತಾರೆ. ಗದ್ದೆ ಕೊಯ್ಲು ಮುಗಿಯಿತು, ಬಣವೆ ಹಾಕಿದೆವು. ಕೆಂದಾಕಳು ಕರು ಹಾಕಿದೆ, ಹೆಣ್ಣುಗರು, ಹಣೆಯ ಮೇಲೆ ಬಿಳಿ ಬೊಟ್ಟು. ನನ್ನ ಕೈಗೆ ಮಾತ್ರ ಸರಿಯಾಗಿ ಹಾಲು ಬಿಡುತ್ತಿಲ್ಲ. ಕರೆಯಲು ಕೂತರೆ ಹಿಂದಕ್ಕೆ ತಿರುಗಿ ನೋಡಿ, ಕೂತವಳು ನೀನಲ್ಲವೆಂದು ತಿಳಿದು ಕಾಲು ಝಾಡಿಸುತ್ತದೆ. ಮನುಷ್ಯರ ಸಿಟ್ಟು ಸಾಲದೆಂದು ಈಗ ದನದ ಸಿಟ್ಟನ್ನೂ ನೋಡುವ ಹಾಗಾಯಿತು. ನನ್ನ ಮಗ ಪುಟ್ಟಪ್ಪ, ನಿನ್ನ ಗಂಡ, ಮೈಯಲ್ಲಿ ಆರೋಗ್ಯವಾಗಿದ್ದಾನೆ. ಅವನ ವಿಚಾರ ಮುಂದೆ ಬರೆಯುತ್ತೇನೆ.

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ನಮ್ಮಪ್ಪ ಕೂಲಿಮಠದ ಅಯ್ಯನವರನ್ನು ಕಾಡಿ ಬೇಡಿ ನನಗೂ ಮರಳಿನ ಮೇಲೆ ಅಕ್ಷರ ತಿದ್ದಿಸಿದ್ದರು, ಆಗ ಹೆಣ್ಣುಮಕ್ಕಳಿಗೆ ಯಾಕೆ ಎಂದು ಊರವರೆಲ್ಲ ನಕ್ಕಿದ್ದರಂತೆ. ಈ ಮನೆಗೆ ಬಂದ ಮೇಲೆ ಬರೆದದ್ದು ಎರಡೇ ಕಾಗದ. ಮಗ ಹುಟ್ಟಿದನೆಂದು ಅಪ್ಪನಿಗೆ ಒಂದು, ಅತ್ತೆ ತೀರಿಕೊಂಡರೆಂದು ತಮ್ಮನಿಗೆ ಒಂದು. ಇದು ಮೂರನೆಯದು. ಪುಟ್ಟಪ್ಪನ ಕೈಲಿ ಬರೆಸೋಣವೆಂದರೆ ಅವನು ಒಲ್ಲೆನೆಂದ. ನಿಮ್ಮ ಮಾವನ ಕೈಲಿ ಬರೆಸಿದರೆ ಅವರು ನಾನು ಹೇಳಿದ್ದನ್ನು ಬಿಟ್ಟು ತಮ್ಮ ಮಂಡಿಯ ಸುದ್ದಿಯನ್ನೇ ಎರಡು ಪುಟ ತುಂಬಿಸುತ್ತಾರೆ. ಹಾಗಾಗಿ ನಾನೇ ಕೂತಿದ್ದೇನೆ. ಅಕ್ಷರ ಸಾಲು ಬಿಟ್ಟು ಮೇಲಕ್ಕೆ ಹತ್ತಿದರೆ ನಗಬೇಡ. ಇನ್ನೊಂದು ಮಾತು, ಈ ಕಾಗದವನ್ನು ನೀನೊಬ್ಬಳೇ ಓದಿಕೋ. ನಿಮ್ಮ ಅಪ್ಪನಿಗಾಗಲಿ ಅವ್ವನಿಗಾಗಲಿ ಓದಿ ಹೇಳಬೇಡ. ಅತ್ತೆ ಸೊಸೆಯ ಮಾತು ನಮ್ಮಿಬ್ಬರ ಮಧ್ಯೆ ಇರಲಿ.

ಸುದ್ದಿ ಏನೆಂದರೆ ನಡುಮನೆಯ ಗೋಡೆ ನೆಟ್ಟಗಾಯಿತು. ಹೌದು, ಅದೇ ಗೋಡೆ, ದೇವರ ಕಂಬದಿಂದ ಅಡಿಗೆಮನೆ ಬಾಗಿಲ ತನಕ ಇರುವುದು, ಹಬ್ಬಕ್ಕೂ ಮದುವೆಗೂ ನಾವು ಹಸೆ ಚಿತ್ತಾರ ಬರೆಯುವುದು. ಆವತ್ತು ನಡೆದದ್ದು ನಿನಗೆ ಗೊತ್ತೇ ಇದೆ, ಆದರೂ ನನ್ನ ಕೈಯಿಂದ ಒಂದು ಸಲ ಬರೆದುಬಿಡುತ್ತೇನೆ, ಬರೆಯದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ದಿನ ನೀನು ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟು ಕಲಸಿ, ಪುಂಡಿ ನಾರಿನ ಕುಂಚ ಮಾಡಿಕೊಂಡು ಚಿತ್ತಾರಕ್ಕೆ ಕೂತೆ. ಕೂರುವ ಮೊದಲು ಒಂದು ದಾರಕ್ಕೆ ಗುಂಡುಕಲ್ಲು ಕಟ್ಟಿ ಮೇಲಿನ ತೊಲೆಯಿಂದ ಇಳಿಬಿಟ್ಟೆ. ಕಲ್ಲು ಅಲ್ಲಾಡುವುದು ನಿಂತ ಮೇಲೆ ದಾರ ಇದ್ದ ಜಾಗದಲ್ಲೇ ನಡುವಿನ ಬಿಳಿ ಗೆರೆಯ ಎಳೆ ಎಳೆದು, ಅದನ್ನು ಹಿಡಿದು ಉಳಿದದ್ದೆಲ್ಲ ತುಂಬಿದೆ. ನಿಮ್ಮ ಬಳ್ಳಿಗಾವಿ ಅಜ್ಜಿ ಹಾಗೆ ಕಲಿಸಿದ್ದಂತೆ, ಆ ಕಲ್ಲೂ ಅವರೇ ಕೊಟ್ಟದ್ದಂತೆ. ನಮ್ಮ ಮನೆಯ ಪದ್ಧತಿ ಬೇರೆ. ನಾವು ದೇವರ ಕಂಬದಿಂದ ಗೇಣು ಹಾಕಿಕೊಂಡು, ಕಂಬ ಹೇಗೆ ನಿಂತಿದೆಯೋ ಹಾಗೆಯೇ ಎಳೆ ಎಳೆಯುತ್ತೇವೆ. ನೀನು ಬರೆದು ಮುಗಿಸಿದಾಗ ಕಂಬದ ಪಕ್ಕದಲ್ಲಿ ಚಿತ್ತಾರ ಓರೆಯಾಗಿ ಕಂಡಿತು. ಮೇಲೆ ಕಂಬಕ್ಕೂ ಎಳೆಗೂ ಒಂದು ಅಳತೆ, ಕೆಳಗೆ ಇನ್ನೊಂದು ಅಳತೆ. ನೋಡಲು ಬಂದ ಲೋಕಮ್ಮ, ಗುಡ್ಡಮ್ಮ ಬಾಯಿಗೆ ಸೆರಗು ಹಿಡಿದರು. ನನಗೆ ಮೈ ಉರಿದುಹೋಯಿತು. ನಮ್ಮ ಅತ್ತೆಯ ಕಾಲದಿಂದಲೂ ಈ ಗೋಡೆಯ ಚಿತ್ತಾರ ನೋಡಲು ಊರ ಹೆಂಗಸರು ಬರುತ್ತಾರೆ, ನಗಲು ಯಾರೂ ಬಂದಿರಲಿಲ್ಲ. ಅವರ ಎದುರಿಗೇ ನಿನ್ನ ಕೈ ಓರೆ ಎಂದೆ. ನೀನು ಕುಂಚ ಕೆಳಗಿಟ್ಟು, "ಅತ್ತೆ, ಚಿತ್ತಾರ ಸರಿಯಾಗೇ ಐತಿ. ವಾಲಿರೋದು ಗೋಡೆ" ಎಂದೆ. ಜೋರಾಗಿಯೂ ಹೇಳಲಿಲ್ಲ. ಅದಕ್ಕೆ ನಾನು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಎತ್ತಿ ಹಾಕಿದೆ. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಕೆಮ್ಮಣ್ಣಿನ ಗಡಿಗೆಗೆ ಕೈ ಅದ್ದಿ, ಎರಡು ದಿನ ಸೊಂಟ ಬಗ್ಗಿಸಿ ನೀನು ಬರೆದದ್ದರ ಮೇಲೆ ಸಾರಿಸಿಬಿಟ್ಟೆ. ನನ್ನ ಕೈ ಎಟುಕಿದಷ್ಟು ಹೋಯಿತು, ಎಟುಕದ ಮೇಲಿನ ಅರ್ಧ ಉಳಿಯಿತು.

ಅದೊಂದೇ ಆಗಿದ್ದರೆ ನೀನು ತಡೆದುಕೊಳ್ಳುತ್ತಿದ್ದೆಯೇನೋ. ಮದುವೆಯಾಗಿ ಬಂದ ಒಂದೂವರೆ ವರ್ಷದಲ್ಲಿ ನಾನು ನಿನ್ನ ಮೇಲೆ ಹೇಳಿದ ದೂರು ಎಷ್ಟೋ. ಸಾರಿಗೆ ಉಪ್ಪು ಕಡಿಮೆ ಎಂದೆ, ನಿಮ್ಮ ಬಯಲುಸೀಮೆ ಕಡೆಯವರ ನಡಿಗೆ ಜೋರು ಎಂದೆ. ದೇವರ ಕಂಬದ ವಿಚಾರವೂ ಇತ್ತಲ್ಲ. ದಿನಾ ಬೆಳಿಗ್ಗೆ ಮಿಂದು ಬಂದು ನಾನು ಕಂಬದ ಬುಡಕ್ಕೆ ನೀರು ಹೊಯ್ದು, ಅರಿಶಿನ ಹಚ್ಚಿ ಕೈಮುಗಿಯುವುದು. ನಾನು ಆಚೆ ತಿರುಗಿದೆನೋ ಇಲ್ಲವೋ ನೀನು ಒಣ ಬಟ್ಟೆ ತಂದು ಬುಡ ಒರೆಸುವುದು. ದೇವರ ನೀರನ್ನು ನೆಲ ಒರೆಸುವ ಬಟ್ಟೆಯಲ್ಲಿ ಒರೆಸುತ್ತಾಳೆ ಎಂದು ಬಾವಿಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹುಣ್ಣಿಮೆಯಾದ ಎರಡನೆಯ ದಿನ ನೀನು ಅವ್ವನನ್ನು ನೋಡಿಕೊಂಡು ಬರುತ್ತೇನೆ ಎಂದು ಹೇಳಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿಯೇ ಹೊರಟೆ. ಎಂಟು ದಿನಕ್ಕೆ ಬರುತ್ತಾಳೆ ಎಂದು ನಾನೂ ಸುಮ್ಮನಿದ್ದೆ. ಮಾರನೆಯ ದಿನ ಗೋಡೆಯ ಗೂಡು ಗುಡಿಸುವಾಗ ನೋಡುತ್ತೇನೆ, ನಿನ್ನ ದಾರವೂ ಇಲ್ಲ, ಗುಂಡುಕಲ್ಲೂ ಇಲ್ಲ. ಅವ್ವನನ್ನು ನೋಡಲು ಹೋಗುವವಳು ಚಿತ್ತಾರದ ಕಲ್ಲು ಕಟ್ಟಿಕೊಂಡು ಹೋಗುತ್ತಾಳೆಯೇ? ತಿರುಗಿ ಬರುವ ಯೋಚನೆಯಿಂದ ಹೋದವಳಲ್ಲ ಎಂದು ಆಗ ತಿಳಿಯಿತು. ನಾಳೆಗೆ ನೀನು ಹೋಗಿ ನಲವತ್ತು ದಿನ.

ದೀಪಾವಳಿಯ ದೊಡ್ಡಹಬ್ಬ ನೀನಿಲ್ಲದೆ ಕಳೆಯಿತು. ಹಬ್ಬವಾದ ಮೇಲೆ ನಿಮ್ಮ ಊರಿನ ಯಾರೋ ಇಲ್ಲಿ ಅಮ್ಮನ ಗುಡ್ಡಕ್ಕೆ ಹರಕೆ ತೀರಿಸಲು ಬಂದವರು ನಮ್ಮ ಜಗುಲಿಗೂ ಬಂದು, ನಿಮ್ಮ ಅಪ್ಪ ರಂಗಪ್ಪನವರು ಹೇಳಿ ಕಳಿಸಿದ ಮಾತು ಹೇಳಿದರು. ಬೀಗರ ಮನೆಯ ಗೋಡೆ ವಾಲಿದೆಯಂತಲ್ಲ, ಅಂಥ ಗೋಡೆಯ ಕೆಳಗೆ ಹೆಣ್ಣುಮಗಳು ಓಡಾಡುವುದು ಹೇಗೆ, ಅದು ನೆಟ್ಟಗಾಗಲಿ, ಆಮೇಲೆ ನೋಡೋಣ. ರಂಗಪ್ಪನವರು ಮರ್ಯಾದಸ್ಥರು. ಮಗಳನ್ನು ಕಳಿಸುವುದಿಲ್ಲ ಎನ್ನಲಿಲ್ಲ, ನನ್ನ ಮೇಲೆ ದೂರನ್ನೂ ಹೇಳಲಿಲ್ಲ, ಗೋಡೆಯ ಮೇಲೆ ಹಾಕಿದರು. ಆದರೆ ಆ ಆಮೇಲೆ ನೋಡೋಣ ಎಂಬ ಮಾತಿದೆಯಲ್ಲ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ನಿಮ್ಮ ಮಾವ ಕೂಡಲೇ ಪುಟ್ಟಪ್ಪನಿಗೆ, ಹೋಗಿ ಕರೆದುಕೊಂಡು ಬಾರೋ ಎಂದರು. ಪುಟ್ಟಪ್ಪ ನೇಗಿಲ ಹಗ್ಗ ಸುತ್ತುತ್ತಿದ್ದವನು ಸುತ್ತುತ್ತಲೇ, "ನಾನು ಹೋಗಿ ಕರೆಯೋದಲ್ಲಪ್ಪ ಇದು" ಎಂದ. ನನ್ನ ಕಡೆ ನೋಡಲೂ ಇಲ್ಲ. ಆ ದಿನದಿಂದ ಅವನು ಮನೆಯಲ್ಲಿ ಊಟ ಮಾಡುತ್ತಾನೆ, ಕೆಲಸ ಮಾಡುತ್ತಾನೆ, ಮಾತು ಮಾತ್ರ ಇಲ್ಲ. ನಾನು ಬಡಿಸಿದ್ದನ್ನು ಸಾಕು ಎನ್ನುವುದಿಲ್ಲ, ಬೇಕು ಎನ್ನುವುದಿಲ್ಲ. ನಾನೂ ಹಟಕ್ಕೆ ಬಿದ್ದೆ. ಗೋಡೆ ತಾನೆ, ನೆಟ್ಟಗೆ ಮಾಡಿಸಿದರಾಯಿತು, ಆಮೇಲೆ ಯಾರು ಏನು ನೆಪ ಹೇಳುತ್ತಾರೋ ನೋಡೋಣ ಎಂದು ಸೊರಬದಿಂದ ಕೆಂಪಾಚಾರಿಯನ್ನು ಕರೆಸಿದೆ.

ಕೆಂಪಾಚಾರಿಯನ್ನು ನೀನು ನೋಡಿಲ್ಲ. ಅರವತ್ತು ದಾಟಿದ ಮುದುಕ, ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಕೇಳಿದ್ದಕ್ಕೆ ಉತ್ತರ ಬರಬೇಕಾದರೆ ಮೊದಲು ಅಂಗಳಕ್ಕೆ ಹೋಗಿ ಉಗಿದು ಬರಬೇಕು. ಬಂದವನು ಕೈಚೀಲ ಬಿಚ್ಚದೆ ಗೋಡೆಯ ಮುಂದೆ ಕಾಲು ಚಾಚಿ ಕೂತು ಸುಮ್ಮನೆ ನೋಡಿದ. ನೋಡಿದ, ನೋಡಿದ, ನನಗೆ ಸಾಕಾಗಿ ಕಾಫಿ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಎದ್ದು, ಸೀಸದ ತೂಗುಗುಂಡನ್ನು ದಾರಕ್ಕೆ ಕಟ್ಟಿ ತೊಲೆಯಿಂದ ಇಳಿಬಿಟ್ಟಿದ್ದ. ಮೊದಲು ಕಂಬದ ಪಕ್ಕ ಹಿಡಿದ. ದಾರ ಮೇಲೆ ಕಂಬವನ್ನು ಮುಟ್ಟಿಕೊಂಡಿದೆ, ಬುಡದಲ್ಲಿ ಕಂಬದಿಂದ ಆರು ಬೆರಳು ದೂರ ನಿಂತಿದೆ. ನಾನು ಬೆರಳಿಟ್ಟು ಎಣಿಸಿದೆ, ಆರೇ. ಆಮೇಲೆ ದಾರವನ್ನು ಸರಿಸಿಕೊಂಡು ಗೋಡೆಯ ನಡುವಿಗೆ ತಂದ. ಅಲ್ಲಿ ನೀನು ಬರೆದ ಚಿತ್ತಾರದ ಮೇಲಿನ ಅರ್ಧ ಉಳಿದಿತ್ತಲ್ಲ, ಅದರ ನಡುವಿನ ಎಳೆಯ ಮುಂದೆ ದಾರ ಬಂತು. ತೂಗುಗುಂಡು ನಿಂತಿತು. ನಿನ್ನ ಎಳೆ ಕಾಣಿಸಲೇ ಇಲ್ಲ ಯಮುನಾ. ದಾರದ ಹಿಂದೆ ಪೂರ್ತಿ ಅಡಗಿಬಿಟ್ಟಿತ್ತು, ಮೇಲಿನಿಂದ ನಾನು ಅಳಿಸಿದ ಜಾಗದ ತನಕ. ಆಚಾರಿ ಉಗಿಯಲಿಕ್ಕೂ ಹೋಗದೆ ಕೇಳಿದ, ಇದನ್ನು ಬರೆದವರು ಯಾರಮ್ಮ ಎಂದು. ನನ್ನ ಸೊಸೆ ಎಂದೆ. "ಈ ಮನೇಲಿ ನೆಟ್ಟಗಿರಾದು ಇದೊಂದೇ ಗೆರೆ ಕಣಮ್ಮ" ಎಂದ. ಪುಟ್ಟಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ನಾನು ಕಾಫಿ ಲೋಟ ಅಲ್ಲೇ ಇಟ್ಟು ಕೊಟ್ಟಿಗೆಗೆ ಹೋಗಿ ಸ್ವಲ್ಪ ಹೊತ್ತು ಕರುವಿನ ಹತ್ತಿರ ಕೂತಿದ್ದೆ.

ಮಾರನೆಯ ದಿನ ಕೆಲಸ ಶುರುವಾಯಿತು. ಅಟ್ಟದ ಭಾರವನ್ನೆಲ್ಲ ಇಳಿಸಬೇಕೆಂದ. ಭತ್ತದ ಚೀಲ, ಬೂದುಗುಂಬಳ, ನಮ್ಮ ಅತ್ತೆಯ ಕಾಲದ ತಾಮ್ರದ ಹಂಡೆ, ಎಲ್ಲವನ್ನೂ ಇಳಿಸಿ ಜಗುಲಿಯಲ್ಲಿ ಜೋಡಿಸಿದೆವು. ನೋಡಿದವರು, ಏನು ಬಂಗಾರಮ್ಮ, ಪಾಲು ಆಗುತ್ತಿದೆಯಾ ಎಂದು ಕೇಳಿದರು. ಮನೆಯನ್ನು ಉದುರಿಸಿ ನೋಡಿದರೆ ಎಷ್ಟೊಂದು ಸಾಮಾನು. ನೀನು ಹುಡುಕುತ್ತಿದ್ದೆಯಲ್ಲ, ಬೆಳ್ಳಿಯ ಕುಂಕುಮದ ಭರಣಿ, ಅದು ಹಂಡೆಯ ಒಳಗೇ ಇತ್ತು, ಇಟ್ಟವಳು ನಾನೇ. ತೊಲೆಗೆ ಎರಡು ದಪ್ಪ ಮರದ ಆಸರೆ ಕೊಟ್ಟು, ಬುಡಕ್ಕೆ ಬೆಣೆ ಹೊಡೆದು ಭಾರವನ್ನೆಲ್ಲ ಅವುಗಳ ಮೇಲೆ ಹಾಕಿದ ಮೇಲೆ ಆಚಾರಿ ದೇವರ ಕಂಬದ ಬುಡದ ಮಣ್ಣು ಕೆರೆದ. ಬುಡ ಗೆದ್ದಲು ತಿಂದು ಹಾಳಾಗಿತ್ತು. ಕಂಬ ತಾನು ನಿಂತ ಕಲ್ಲಿನ ಮೇಲೆ ಕುಸಿಯುತ್ತ ಬಂದಿದೆ, ಅದು ಕುಸಿದ ಹಾಗೆ ಮೇಲಿನ ತೊಲೆ ಉತ್ತರಕ್ಕೆ ಜಾರಿದೆ, ತೊಲೆಯ ಜತೆ ಇಡೀ ಗೋಡೆ ವಾಲಿದೆ. ಗೆದ್ದಲಿಗೆ ದೇವರ ಕಂಬ ಯಾವುದು, ಹಟ್ಟಿಯ ಕಂಬ ಯಾವುದು, ಅದಕ್ಕೇನು ಗೊತ್ತು. ಅದು ಹೋಗಲಿ. ಕೆಟ್ಟ ಭಾಗವನ್ನು ಕೊಯ್ದು ತೆಗೆದು, ಅಷ್ಟೇ ಎತ್ತರದ ಹೊಸ ಕಲ್ಲು ಕೊಡುವುದೆಂದು ಆಯಿತು.

ಕಲ್ಲು ಕೊಡುವ ಮೊದಲು ಗೋಡೆಯನ್ನು ಚೌಕಕ್ಕೆ ತರಬೇಕು. ಅದು ಹೇಗೆ ಎಂದು ನಾನೂ ಕಲಿತೆ. ಮೇಲಿನ ಈ ಮೂಲೆಯಿಂದ ಕೆಳಗಿನ ಆ ಮೂಲೆಗೆ ಒಂದು ದಾರ ಹಿಡಿದು ಅಳೆಯುವುದು, ಮೇಲಿನ ಆ ಮೂಲೆಯಿಂದ ಕೆಳಗಿನ ಈ ಮೂಲೆಗೆ ಇನ್ನೊಂದು. ಎರಡೂ ಸಮನಾಗಿದ್ದರೆ ಗೋಡೆ ಚೌಕವಾಗಿದೆ ಎಂದು ಲೆಕ್ಕ. ನಮ್ಮದರಲ್ಲಿ ಒಂದು ದಾರ ಉದ್ದ, ಒಂದು ಗಿಡ್ಡ. ಉದ್ದ ಇದ್ದ ಮೂಲೆಯಿಂದ ಮೂಲೆಗೆ ಜೋಡಿ ಹಗ್ಗ ಕಟ್ಟಿದ, ಹಗ್ಗದ ನಡುವೆ ನನ್ನ ಒನಕೆಯನ್ನು ಸಿಕ್ಕಿಸಿದ, ಒನಕೆಯನ್ನು ತಿರುಗಿಸಿದರೆ ಹಗ್ಗ ಹುರಿಗೊಂಡು ಬಿಗಿಯುತ್ತದೆ, ಕಂಬದ ತಲೆ ಈಚೆಗೆ ಬರುತ್ತದೆ. ಬೆಳಿಗ್ಗೆ ಒಂದು ಸುತ್ತು, ಸಂಜೆಗೆ ಒಂದು ಸುತ್ತು, ಅಷ್ಟೇ. ಸುತ್ತಿ ಆದ ಮೇಲೆ ಒನಕೆಯನ್ನು ಕಟ್ಟಿ ಬಿಡುವುದು. ನನಗೆ ತಾಳ್ಮೆ ಎಲ್ಲಿದೆ, ನಿನಗೆ ಗೊತ್ತಲ್ಲ. ನಾಲ್ಕು ಸುತ್ತು ಒಟ್ಟಿಗೆ ತಿರುಗಿಸಿ ಇವತ್ತೇ ಮುಗಿಸಬಾರದೇ ಎಂದೆ. ಆಚಾರಿ ಅಂಗಳಕ್ಕೆ ಹೋಗಿ ಉಗಿದು ಬಂದು, "ಮೂವತ್ತು ವರ್ಷ ವಾಲಿದ್ದನ್ನ ಒಂದು ದಿನದಾಗೆ ಬಾ ಅಂದ್ರೆ ಬರಾದಿಲ್ಲಮ್ಮ, ಮುರೀತದೆ" ಎಂದ. ಹೀಗೆ ಎಂಟು ದಿನ. ನನ್ನ ಒನಕೆ ಗೋಡೆಗೆ ಕಟ್ಟಿದ್ದರಿಂದ ಭತ್ತ ಕುಟ್ಟಲು ಲೋಕಮ್ಮನ ಮನೆಗೆ ಹೋಗುತ್ತಿದ್ದೆ.

ಒನಕೆ ತಿರುಗಿಸುವುದು ಪುಟ್ಟಪ್ಪನ ಕೆಲಸ, ತೂಗುಗುಂಡು ನೋಡುವುದು ನನ್ನ ಕೆಲಸ. ಅವನು ಒಂದು ಸುತ್ತು ತಿರುಗಿಸಿದರೆ ಮನೆಯೆಲ್ಲ ಕಿರ್ರೆನ್ನುತ್ತಿತ್ತು, ಹೆಂಚಿನ ಸಂದಿಯಿಂದ ಮಣ್ಣು ಉದುರುತ್ತಿತ್ತು, ನಿಮ್ಮ ಮಾವ ಮಂಡಿಯನ್ನು ಮರೆತು ಅಂಗಳಕ್ಕೆ ಓಡುತ್ತಿದ್ದರು. ನಾನು ಬುಡದಲ್ಲಿ ಕೂತು ಐದೂವರೆ ಬೆರಳು, ಐದು ಬೆರಳು ಎಂದು ಕೂಗಿ ಹೇಳಬೇಕು. ಅವನು ಹೂಂ ಅನ್ನಬೇಕು. ತಾಯಿ ಮಗನ ಮಾತು ಅಷ್ಟರಲ್ಲೇ ಇತ್ತು. ಐದನೆಯ ದಿನ ಬೆಳಿಗ್ಗೆ ನಾನು ಖುಷಿಯಲ್ಲಿ, ಎರಡೇ ಬೆರಳು ಕಣೋ, ಇನ್ನೇನು ಬಂತು ಎಂದೆ. ಅವನು ಒನಕೆಯನ್ನು ಹಿಡಿದುಕೊಂಡೇ, "ಗೋಡೆ ನೆಟ್ಟಗಾದ್ರೆ ಅವಳು ಬತ್ತಾಳೆ ಅಂತ ಮಾಡಿಯೇನವ್ವ?" ಎಂದು ಕೇಳಿದ. ಸಿಟ್ಟಿನಲ್ಲಿ ಕೇಳಲಿಲ್ಲ. ಸಿಟ್ಟಿನಲ್ಲಿ ಕೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವನ ಮುಖ ನೋಡಿದೆ, ಎಷ್ಟು ಬಡವಾಗಿದ್ದಾನೆ ಎಂದು ಆಗ ಕಂಡಿತು. ಬೆರಳು ಎಣಿಸುವುದರಲ್ಲಿ ಮಗನ ಮುಖ ನೋಡಿರಲಿಲ್ಲ.

ಇದೊಂದನ್ನು ಹೇಳದೆ ಬಿಟ್ಟರೆ ಕಳ್ಳತನ ಆಗುತ್ತದೆ, ಹೇಳಿಬಿಡುತ್ತೇನೆ. ಗೋಡೆ ನೆಟ್ಟಗಾಗುತ್ತ ಬಂದ ಹಾಗೆ ಅದರ ಮೇಲಿದ್ದ ನಿನ್ನ ಎಳೆ ಓರೆಯಾಗುತ್ತ ಹೋಯಿತು. ಆಗಲೇಬೇಕಲ್ಲ, ಗೋಡೆಯ ಜತೆ ಅದೂ ತಿರುಗಿತು. ಏಳನೆಯ ದಿನ ನೋಡಿದರೆ ಕಂಬ ನೆಟ್ಟಗೆ, ಚಿತ್ತಾರ ಸೊಟ್ಟಗೆ. ಒಂದು ಗಳಿಗೆ ನನಗೆ ಎಂಥ ಖುಷಿಯಾಯಿತು ಎನ್ನುತ್ತೀ. ಈಗ ನೋಡು ಬಾರೇ ಯಮುನಾ, ಯಾರದು ಓರೆ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಅಂದು ತಿರುಗಿದರೆ ಹಿಂದೆ ಯಾರೂ ಇಲ್ಲ. ಜಗಳ ಆಡಲಿಕ್ಕೂ ನೀನು ಇಲ್ಲ. ಅದೇ ಸಂಜೆಯ ಸುತ್ತಿಗೆ ಗೋಡೆಯ ಮಣ್ಣು ಬಿರುಕು ಬಿಟ್ಟು, ಉಳಿದಿದ್ದ ನಿನ್ನ ಚಿತ್ತಾರ ನೆಲಕ್ಕೆ ಉದುರಿತು. ಅದರಲ್ಲಿ ಬಿಳಿ ಎಳೆ ಇದ್ದ ಎರಡು ಹೆಂಟೆಗಳನ್ನು ಎತ್ತಿ ಗೂಡಿನಲ್ಲಿ ಇಟ್ಟಿದ್ದೇನೆ. ಯಾಕೆ ಇಟ್ಟೆನೋ ಗೊತ್ತಿಲ್ಲ.

ಎಂಟನೆಯ ದಿನ ಎರಡು ದಾರವೂ ಸಮನಾದವು. ಆಚಾರಿ ಕಲ್ಲು ಕೂರಿಸಿದ, ಆಸರೆ ತೆಗೆದ, ಹಗ್ಗ ಬಿಚ್ಚಿದ. ಒಂದು ಕೂದಲಿನಷ್ಟೂ ಹಿಂದಕ್ಕೆ ಹೋಗಲಿಲ್ಲ. ಇನ್ನೊಂದು ತಮಾಷೆ ಕೇಳು. ಅಡಿಗೆಮನೆಯ ಬಾಗಿಲು ಹಾಕಿದರೆ ಕೂರುವುದಿಲ್ಲವೆಂದು, ಮರ ಊದಿಕೊಂಡಿದೆ ಎಂದು ನಿಮ್ಮ ಮಾವ ವರ್ಷಕ್ಕೊಂದು ಸಲ ಅದರ ತಲೆ ಕೆತ್ತುತ್ತಿದ್ದರಲ್ಲ. ಊದಿಕೊಂಡದ್ದು ಬಾಗಿಲಲ್ಲ, ಓರೆಯಾದದ್ದು ಚೌಕಟ್ಟು. ಈಗ ಚೌಕಟ್ಟು ಸರಿಯಾಗಿದೆ, ಕೆತ್ತಿಸಿಕೊಂಡ ಬಾಗಿಲಿನ ಮೇಲೆ ಬೆಕ್ಕು ನುಗ್ಗುವಷ್ಟು ಸಂದಿ. ನಿನ್ನೆ ಬೆಕ್ಕು ಹಾಗೆಯೇ ಬಂದು ಹಾಲು ಕುಡಿದು ಹೋಯಿತು. ಸರಿ ಇದ್ದದ್ದನ್ನು ತಪ್ಪು ಎಂದು ವರ್ಷ ವರ್ಷವೂ ಕೆತ್ತಿದ್ದಕ್ಕೆ ಈಗ ಒಂದು ಪಟ್ಟಿ ಹೊಡೆಸಿದ್ದಾಯಿತು. ನಿಮ್ಮ ಮಾವನನ್ನು ಬೈಯೋಣವೆಂದು ಬಾಯಿ ತೆಗೆದವಳು ಬೈಯದೆ ಮುಚ್ಚಿಕೊಂಡೆ. ಅವರಿಗೆ ಆಶ್ಚರ್ಯವಾಗಿ, ಹುಷಾರಿಲ್ಲವೇನೇ ಮಾರಾಯ್ತಿ ಎಂದು ಕೇಳಿದರು.

ಗೋಡೆಗೆ ಹೊಸ ಮಣ್ಣು ಮೆತ್ತಿಸಿ, ಒಣಗಿದ ಮೇಲೆ ನಾನೇ ಮೂರು ಸಲ ಕೆಮ್ಮಣ್ಣು ಸಾರಿಸಿದೆ. ಈಗ ಕೆಂಪಗೆ, ಬೋಳಾಗಿ ನಿಂತಿದೆ. ಲೋಕಮ್ಮ ಬಂದು, ಬರೆದುಕೊಡಲಾ ಎಂದಳು, ಬೇಡವೆಂದೆ. ನಾನೇ ಬರೆಯೋಣವೆಂದು ಒಂದು ದಿನ ಕುಂಚ ಹಿಡಿದೆ. ಕಂಬದಿಂದ ಗೇಣು ಹಾಕಿದೆ, ಕೈ ಮುಂದಕ್ಕೆ ಹೋಗಲಿಲ್ಲ, ಇಟ್ಟುಬಿಟ್ಟೆ. ಇಷ್ಟು ವರ್ಷ ನಾನು ಬರೆದ ಚಿತ್ತಾರಗಳೆಲ್ಲ ಕಂಬದ ಜತೆಗೇ ವಾಲಿದ್ದವು ಎಂದು ಈಗ ಗೊತ್ತಾಗಿದೆ. ಎರಡೂ ಒಟ್ಟಿಗೆ ವಾಲಿದ್ದರಿಂದ ಯಾರಿಗೂ ಕಾಣಲಿಲ್ಲ, ನಾನೂ ನೋಡಲಿಲ್ಲ.

ನಿಮ್ಮ ಅಪ್ಪನಿಗೆ ಗೋಡೆ ನೆಟ್ಟಗಾಯಿತು ಎಂಬ ಒಂದು ಸಂಗತಿ ಮಾತ್ರ ತಿಳಿಸು. ಉಳಿದದ್ದು ಬೇಡ. ಬಾ ಎಂದು ನಾನು ಬರೆಯುವುದಿಲ್ಲ, ಅದು ನಿನ್ನ ಮನೆ, ಬರುವವರಿಗೆ ಕರೆ ಯಾಕೆ. ಕರುವಿಗೆ ಹೆಸರು ಇಟ್ಟಿಲ್ಲ. ನಿಮ್ಮ ಅಪ್ಪನಿಗೂ ಅವ್ವನಿಗೂ ನನ್ನ ನಮಸ್ಕಾರ, ಅಜ್ಜಿಗೆ ಅಡ್ಡಬಿದ್ದೆನೆಂದು ಹೇಳು. ನಿಮ್ಮ ಮಾವ ಆಶೀರ್ವಾದ ಹೇಳಿದ್ದಾರೆ, ಮಂಡಿಗೆ ನಿಮ್ಮ ಕಡೆ ಏನಾದರೂ ಎಣ್ಣೆ ಸಿಕ್ಕೀತೇ ಎಂದೂ ಕೇಳಿದ್ದಾರೆ. ದೇವರು ನಿನ್ನನ್ನು ನೂರು ವರ್ಷ ಸುಖವಾಗಿ ಇಟ್ಟಿರಲಿ.

ಇಂತು ನಿನ್ನ ಅತ್ತೆ,
ಬಂಗಾರಮ್ಮ

ತಾ.ಕ.: ಕೆಂಪಾಚಾರಿ ಸೊರಬಕ್ಕೆ ಹೊರಟು ಅಂಗಳದಲ್ಲಿ ನಿಂತಿದ್ದಾನೆ, ಕಾಗದ ಟಪಾಲಿಗೆ ಹಾಕುವುದು ಅವನೇ. ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಗೆದ್ದಲು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಒಂದು ಗೆದ್ದಲು ಹುಳವೂ ಇರಲಿಲ್ಲ. ಕಂಬದ ಬುಡ ಕೊಳೆತದ್ದು ನೀರಿಗೆ, ನಾನು ಹೊಯ್ದ ನೀರಿಗೆ. ನಮ್ಮ ಅತ್ತೆ ಹೇಳಿಕೊಟ್ಟದ್ದು ಬೆರಳು ಅದ್ದಿ ಮೂರು ಹನಿ ಚಿಮುಕಿಸು ಎಂದು. ನಾನು ಅವರಿಗಿಂತ ಹೆಚ್ಚಿನ ಭಕ್ತೆ ಎನ್ನಿಸಿಕೊಳ್ಳಬೇಕೆಂದು ದಿನಾ ತುಂಬಿದ ತಂಬಿಗೆ ಹೊಯ್ದೆ, ಮೂವತ್ತೊಂದು ವರ್ಷ. ಆಚಾರಿ ಕೈ ಹಾಕಿದರೆ ಮರ ನೆನೆದ ಹಿಂಡಿಯ ಹಾಗೆ ಕಿತ್ತು ಬಂತು. ಅವನು ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ, "ಗೆದ್ದಲು ಅಂತ ಹೇಳ್ತೀನಿ ಬಿಡಿ ಅಮ್ಮ" ಎಂದ. ನಾನು ಹೂಂ ಎಂದೆ. ಪುಟ್ಟಪ್ಪನಿಗೂ ನಿಮ್ಮ ಮಾವನಿಗೂ ಈ ಹೊತ್ತಿನ ತನಕ ಗೊತ್ತಿಲ್ಲ. ನೀನು ಯಾಕೆ ಒರೆಸುತ್ತೀ ಎಂದು ಒಂದು ದಿನ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ಬೈದೆ. ನೆಲ ಡೊಂಕೇ ಇತ್ತು ಮಗಾ, ಡೊಂಕು ಮಾಡಿದವಳು ನಾನು. ತಪ್ಪಾಯಿತು. ಯಾರಿಗೂ ಓದಬೇಡ ಎಂದಿದ್ದೆನಲ್ಲ, ಅದನ್ನು ಬಿಡು. ನಿಮ್ಮ ಅಪ್ಪ, ಅವ್ವ, ಅಜ್ಜಿ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದು. ನಾಲ್ಕು ಜನರ ಎದುರಿಗೆ ಆಡಿದ್ದು ನಾಲ್ಕು ಜನರ ಎದುರಿಗೇ ಹಿಂದಕ್ಕೆ ಹೋಗಬೇಕು. ಇಲ್ಲಿ ನಾನು ಈಗಲೇ ಪುಟ್ಟಪ್ಪನನ್ನೂ ಲೋಕಮ್ಮ, ಗುಡ್ಡಮ್ಮನನ್ನೂ ಕರೆದು ಹೇಳುತ್ತೇನೆ. ನಾಳೆ ಬಿಟ್ಟು ಮುಂದಿನ ಸೋಮವಾರ ಶಿಕಾರಿಪುರದ ಬಸ್ಸಿಗೆ ನಾನೇ ಹೊರಟು ನಿಮ್ಮ ಮನೆಗೆ ಬರುತ್ತೇನೆ. ಜತೆಗೆ ಬರುವುದು ಬಿಡುವುದು ನಿನ್ನ ಇಷ್ಟ. ಬರುವುದಾದರೆ ಆ ಗುಂಡುಕಲ್ಲನ್ನು ಗಂಟಿನಲ್ಲಿ ಇಟ್ಟುಕೋ, ದಾರದ ಮೇಲಿನ ತುದಿಯನ್ನು ನಾನು ಹಿಡಿಯುತ್ತೇನೆ.